ತಂತ್ರಾಂಶ ಪ್ರಶ್ನೋತ್ತರ: ಬಿಲ್ಡ್ ಉಪಕರಣಗಳಲ್ಲಿ ಯಾವುದು, ಯಾರಿಗೆ?

ಗಡಿನಾಡಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಬಾರಿ ಒಂದೇ ವಿಷಯಕ್ಕೆ ಸೇರಿದವನ್ನು ಆರಿಸಿಕೊಂಡಿದ್ದೇನೆ. ಬರೆದ ಪ್ರೋಗ್ರಾಮನ್ನು ಕಂಪೈಲ್ ಮಾಡಿ (ಯಂತ್ರ ನಡೆಸಬಲ್ಲ ರೂಪಕ್ಕೆ ತಂದು), ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು ಕೂಡಿಸಿ, ಪರೀಕ್ಷಿಸಿ, ಬಳಸುವವರ ಕೈಗೆ ಕೊಡಬಹುದಾದ ರೂಪಕ್ಕೆ ತರುವ ಕೆಲಸವೇ ಬಿಲ್ಡ್. ಈ ಕೆಲಸವನ್ನು ತಾವೇ ನಡೆಸಿಕೊಡುವ ಉಪಕರಣಗಳು ಹಲವಿವೆ. ಅವುಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ವೇಗವನ್ನಲ್ಲ. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬ ತಿಳಿವಳಿಕೆ ಆ ಉಪಕರಣದಲ್ಲಿ ಎಲ್ಲಿ ದಾಖಲಾಗುತ್ತದೆ, ದಾಖಲಾಗದೆ ಉಳಿದದ್ದರ ಪರಿಣಾಮ ಏನು ಎಂಬುದನ್ನು. ಕೆಳಗಿನ ಉತ್ತರಗಳನ್ನು ಆ ನೋಟದಿಂದಲೇ ಬರೆದಿದ್ದೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವಾಗಲೇ ಉಬುಂಟು ಬಳಸಿ ರೂಢಿಯಾಗಿದೆ. ಸಿ ಭಾಷೆಯ ಪ್ರಾಜೆಕ್ಟಿಗೆ ಮೇಕ್ ಬಳಸುತ್ತಿದ್ದೇನೆ. ಅದು ತೀರಾ ಹಳೆಯದು, ಸಿಮೇಕ್ ಕಲಿಯಿರಿ ಎಂದು ಸೀನಿಯರ್‌ಗಳು ಹೇಳುತ್ತಾರೆ. ಮೇಕ್‌ನಲ್ಲಿ ನಿಜವಾಗಿ ಇರುವ ಕೊರತೆ ಏನು? ಆಗಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಬಿಲ್ಡ್ ಮಾಡಬೇಕಾಗಿ ಬರುವುದು ಏಕೆ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೇಕ್ ಹಳೆಯದು ಎಂಬುದು ನಿಜ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಅದನ್ನು ಬರೆದದ್ದು 1976ರಲ್ಲಿ. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನು ಆಗಲೇ ತಿದ್ದಿಯಾಗಿದ್ದ ಪ್ರೋಗ್ರಾಮಿನಲ್ಲಿ ಇಡೀ ಬೆಳಗ್ಗೆ ತಪ್ಪು ಹುಡುಕುತ್ತ ಕಳೆದಿದ್ದರು. ತಿದ್ದಿದ ಕಡತವನ್ನು ಮರಳಿ ಕಂಪೈಲ್ ಮಾಡಲು ಮರೆತಿದ್ದುದೇ ಅದಕ್ಕೆ ಕಾರಣ. ಆ ಮರೆವನ್ನು ತಡೆಯುವುದಕ್ಕಾಗಿ ಹುಟ್ಟಿದ ಉಪಕರಣ ಇದು. 2003ರಲ್ಲಿ ಇದಕ್ಕೆ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಸಂದಿತು. ಆದ್ದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಬಿಡಬೇಕಾಗಿಲ್ಲ.

ಅದರ ಶಕ್ತಿಯೂ ಮಿತಿಯೂ ಒಂದೇ ಜಾಗದಲ್ಲಿವೆ. ಒಂದು ಫಲಿತ ಕಡತ, ಅದಕ್ಕೆ ಬೇಕಾದ ಮೂಲ ಕಡತಗಳು, ಅದನ್ನು ತಯಾರಿಸುವ ಆಜ್ಞೆ, ಈ ಮೂರನ್ನು ನೀವು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದುಕೊಟ್ಟರೆ, ಮೂಲ ಕಡತದ ದಿನಾಂಕ ಮತ್ತು ಸಮಯ ಫಲಿತ ಕಡತದ್ದಕ್ಕಿಂತ ಹೊಸದಾಗಿದ್ದಾಗ ಮಾತ್ರ ಮೇಕ್ ಆ ಆಜ್ಞೆಯನ್ನು ನಡೆಸುತ್ತದೆ. ಈ ಸರಳತೆಯಿಂದಾಗಿ ಅದು ಸಿ ಭಾಷೆಗೆ ಮಾತ್ರ ಕಟ್ಟುಬೀಳದೆ, ದತ್ತಾಂಶ ಸಂಸ್ಕರಣೆಯಿಂದ ಹಿಡಿದು ಪುಸ್ತಕದ ಪುಟವಿನ್ಯಾಸದವರೆಗೆ ಯಾವ ಕೆಲಸಕ್ಕೂ ಒದಗುತ್ತದೆ. ಮೈನಸ್ ಜೆ ಎಂಬ ಸೂಚನೆ ಕೊಟ್ಟರೆ ಒಂದನ್ನೊಂದು ಅವಲಂಬಿಸದ ಕೆಲಸಗಳನ್ನು ಏಕಕಾಲಕ್ಕೆ ನಡೆಸುತ್ತದೆ. ಆದರೆ ಸಮಯವನ್ನು ಮಾತ್ರ ನೋಡುವುದೆಂದರೆ ಲಕೋಟೆಯ ಮೇಲಿನ ಅಂಚೆ ಮೊಹರನ್ನು ನೋಡಿ ಒಳಗಿನ ಒಕ್ಕಣೆ ಬದಲಾಗಿದೆಯೇ ಎಂದು ನಿರ್ಧರಿಸಿದಂತೆ. ಗಿಟ್‌ನಲ್ಲಿ (ಕೋಡಿನ ಆವೃತ್ತಿಗಳನ್ನು ಕಾಪಾಡುವ ಉಪಕರಣ) ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಿ ಹಿಂತಿರುಗಿದರೆ, ಒಕ್ಕಣೆ ಮೊದಲಿನಂತೆಯೇ ಇದ್ದರೂ ಸಮಯ ಹೊಸದಾಗಿರುವುದರಿಂದ ಅನಗತ್ಯವಾಗಿ ಕಂಪೈಲ್ ಆಗುತ್ತದೆ. ಇದರಿಂದ ಹೊತ್ತು ವ್ಯರ್ಥವಾಗುತ್ತದೆಯೇ ಹೊರತು ಹಾನಿಯಿಲ್ಲ. ಇದಕ್ಕೆ ತಿರುಗುಮುರುಗಾದದ್ದು ಅಪಾಯಕಾರಿ: ಹಳೆಯ ಸಮಯವನ್ನು ಉಳಿಸಿಕೊಂಡೇ ನಕಲಾದ ಕಡತವೊಂದು ಬೇರೆ ಯಂತ್ರದಿಂದ ಬಂದರೆ, ಅದರೊಳಗೆ ಹೊಸ ಕೋಡ್ ಇದ್ದರೂ ಮೇಕ್ ಅದನ್ನು ಗಮನಿಸದೆ ಹೋಗಬಹುದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸಿ ಕಡತವೊಂದು ಯಾವ ಯಾವ ಹೆಡರ್ ಕಡತಗಳನ್ನು (ಹಲವು ಕಡತಗಳು ಹಂಚಿಕೊಳ್ಳುವ ಘೋಷಣೆಗಳಿರುವ ಕಡತಗಳು) ಸೇರಿಸಿಕೊಂಡಿದೆ ಎಂಬುದು ಮೇಕ್‌ಗೆ ತಾನಾಗಿ ತಿಳಿಯುವುದಿಲ್ಲ. ಹೆಡರ್‌ನಲ್ಲಿ ಒಂದು ದತ್ತಾಂಶ ರಚನೆಯ (ಸ್ಟ್ರಕ್ಟ್) ಅಳತೆಯನ್ನು ಬದಲಿಸಿ, ಆ ಅವಲಂಬನೆಯನ್ನು ಮೇಕ್‌ಫೈಲ್‌ನಲ್ಲಿ ಬರೆಯದೆ ಬಿಟ್ಟಿದ್ದರೆ, ಅರ್ಧ ಕಡತಗಳು ಹೊಸ ಅಳತೆಯನ್ನೂ ಉಳಿದರ್ಧ ಹಳೆಯ ಅಳತೆಯನ್ನೂ ನಂಬಿಕೊಂಡಿರುವ ಪ್ರೋಗ್ರಾಂ ತಯಾರಾಗುತ್ತದೆ. ಅದು ಎಲ್ಲಿ ಕುಸಿಯುತ್ತದೆ ಎಂದು ಊಹಿಸುವುದು ಕಷ್ಟ. ಜಿಸಿಸಿ ಕಂಪೈಲರಿಗೆ ಮೈನಸ್ ಎಂಎಂಡಿ ಎಂಬ ಸೂಚನೆ ಕೊಟ್ಟರೆ ಅದೇ ಪ್ರತಿ ಕಡತದ ಹೆಡರ್ ಪಟ್ಟಿಯನ್ನು ಬರೆದಿಡುತ್ತದೆ; ಆ ಪಟ್ಟಿಗಳನ್ನು ಮೇಕ್‌ಫೈಲ್‌ನ ಕೊನೆಯಲ್ಲಿ ಇನ್‌ಕ್ಲೂಡ್ ಮಾಡಿಕೊಂಡರೆ ನಿಮ್ಮ ತೊಂದರೆಯ ಬಹುಪಾಲು ಅಲ್ಲಿಗೇ ತೀರುತ್ತದೆ. ಇನ್ನೊಂದು ಕೊರತೆ ಉಳಿಯುತ್ತದೆ. ಕಂಪೈಲರಿಗೆ ಕೊಡುವ ಸೂಚನೆಗಳನ್ನು ಬದಲಿಸಿದರೆ ಯಾವ ಮೂಲ ಕಡತದ ಸಮಯವೂ ಬದಲಾಗುವುದಿಲ್ಲವಾದ್ದರಿಂದ ಮೇಕ್ ಏನನ್ನೂ ಮರಳಿ ತಯಾರಿಸುವುದಿಲ್ಲ. ಮೇಕ್‌ಫೈಲನ್ನೇ ಮೂಲ ಕಡತಗಳ ಸಾಲಿನಲ್ಲಿ ಸೇರಿಸುವುದು ಇದಕ್ಕೆ ಸುಲಭವಾದ, ತುಸು ಒರಟಾದ ಪರಿಹಾರ.

ಸಿಮೇಕ್ ಎಂಬುದು ಮೇಕ್‌ನ ಸ್ಥಾನಕ್ಕೆ ನೇರವಾಗಿ ಬಂದು ಕೂರುವ ವಸ್ತುವಲ್ಲ. ಕಿಟ್‌ವೇರ್ ಸಂಸ್ಥೆ 2000ದಲ್ಲಿ ಹೊರತಂದ ಅದು ತಾನಾಗಿ ಏನನ್ನೂ ಕಂಪೈಲ್ ಮಾಡುವುದಿಲ್ಲ. ನೀವು ಕೊಟ್ಟ ವಿವರಣೆಯಿಂದ ಲಿನಕ್ಸಿಗೆ ಮೇಕ್‌ಫೈಲನ್ನೋ ನಿಂಜಾ ಎಂಬ ಇನ್ನೊಂದು ಬಿಲ್ಡ್ ಉಪಕರಣದ ಕಡತವನ್ನೋ, ವಿಂಡೋಸಿಗೆ ವಿಶುವಲ್ ಸ್ಟುಡಿಯೋದ ಪ್ರಾಜೆಕ್ಟನ್ನೋ ತಯಾರಿಸಿಕೊಡುತ್ತದೆ. ಹೆಡರ್ ಅವಲಂಬನೆಗಳನ್ನೂ ಅದೇ ನೋಡಿಕೊಳ್ಳುತ್ತದೆ. ಹಲವು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಡೆಯಬೇಕಾದ ಸಿ ಪ್ಲಸ್ ಪ್ಲಸ್ ತಂತ್ರಾಂಶಕ್ಕೆ ಇದು ಬಹಳ ಅನುಕೂಲ. ಅದರ ಭಾಷೆ ಮಾತ್ರ ತೊಡಕಿನದು, ಮತ್ತು ಒಂದೇ ಕೆಲಸಕ್ಕೆ ಹಳೆಯ ರೀತಿ, ಹೊಸ ರೀತಿ ಎಂದು ಎರಡೆರಡು ದಾರಿಗಳಿರುವುದರಿಂದ ಕಲಿಯುವವರು ಗೊಂದಲಕ್ಕೆ ಬೀಳುತ್ತಾರೆ. ನಿಮ್ಮ ಪ್ರಾಜೆಕ್ಟ್ ಉಬುಂಟುವಿನಲ್ಲಿ ಮಾತ್ರ ನಡೆಯುವುದಾದರೆ ಮೇಕ್ ಸಾಕು. ಸಿಮೇಕ್ ಕಲಿಯಬೇಡಿ ಎನ್ನುತ್ತಿಲ್ಲ. ಮೇಕ್ ಅರ್ಥವಾದ ಮೇಲೆ ಕಲಿತರೆ, ಅದು ನಿಮ್ಮ ಪರವಾಗಿ ಏನು ಬರೆಯುತ್ತಿದೆ ಎಂಬುದು ನಿಮಗೆ ಕಾಣಿಸುತ್ತದೆ.

ಪ್ರಶ್ನೆ: ಅಡಕೆ ಖರೀದಿಯ ಲೆಕ್ಕ ಇಡುವ ಜಾವಾ ತಂತ್ರಾಂಶವೊಂದನ್ನು ನಾವಿಬ್ಬರು ನೋಡಿಕೊಳ್ಳುತ್ತಿದ್ದೇವೆ. ಹಿಂದಿನವರು ಬರೆದಿಟ್ಟ ಆ್ಯಂಟ್ ಸ್ಕ್ರಿಪ್ಟಿನಿಂದ ಬಿಲ್ಡ್ ನಡೆಯುತ್ತದೆ, ಲೈಬ್ರರಿಗಳೆಲ್ಲ ಒಂದು ಫೋಲ್ಡರಿನಲ್ಲಿವೆ. ಗ್ರೇಡಲ್‌ಗೆ ಬದಲಾಯಿಸಬೇಕೆಂದು ಪರಿಚಿತರು ಸಲಹೆ ಕೊಡುತ್ತಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್ಟೂ ಸರಿಯಾಗಿ ಇರುವುದಿಲ್ಲ ಎಂಬುದನ್ನು ಗಮನದಲ್ಲಿಟ್ಟು ಹೇಳಿ.
— ಓದುಗರೊಬ್ಬರು, ಪೆರ್ಲ

ಉತ್ತರ: ನೆಟ್ ಇಲ್ಲದೆ ಬಿಲ್ಡ್ ಆಗುವುದು ನಿಮ್ಮ ಈಗಿನ ವ್ಯವಸ್ಥೆಯ ದೊಡ್ಡ ಗುಣ, ಅದನ್ನು ಹಗುರವಾಗಿ ಕಾಣಬೇಡಿ. ಟಾಮ್‌ಕ್ಯಾಟ್ ಸರ್ವರನ್ನು ಬಿಲ್ಡ್ ಮಾಡುವುದಕ್ಕಾಗಿ ಜೇಮ್ಸ್ ಡಂಕನ್ ಡೇವಿಡ್‌ಸನ್ ರೂಪಿಸಿದ ಆ್ಯಂಟ್ 2000ದಲ್ಲಿ ಸ್ವತಂತ್ರ ಉಪಕರಣವಾಗಿ ಹೊರಬಂದಿತು. ಜಾವಾದಲ್ಲೇ ಬರೆದದ್ದರಿಂದ ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ರೀತಿ ನಡೆಯುತ್ತದೆ. ಇದಾದ ಮೇಲೆ ಇದು, ಆಮೇಲೆ ಅದು ಎಂದು ಹೆಜ್ಜೆಹೆಜ್ಜೆಯಾಗಿ ಬರೆದಿರುವುದರಿಂದ ಹೊಸಬರೂ ಓದಿ ತಿಳಿಯಬಹುದು. ಆದರೆ ಹೆಜ್ಜೆಗಳಾಚೆಗೆ ಅದಕ್ಕೆ ನಿಮ್ಮ ಪ್ರಾಜೆಕ್ಟಿನ ಬಗ್ಗೆ ಹೆಚ್ಚೇನೂ ತಿಳಿಯದು. ಅದರ ಕಂಪೈಲ್ ಹೆಜ್ಜೆ ಪ್ರತಿ ಜಾವಾ ಕಡತವನ್ನು, ಕಂಪೈಲ್ ಆಗಿ ಬಂದ ಅದರದೇ ಕ್ಲಾಸ್ ಕಡತದೊಂದಿಗೆ ಮಾತ್ರ ಹೋಲಿಸುತ್ತದೆ. ಒಂದು ಕ್ಲಾಸ್ ಬದಲಾದಾಗ ಅದನ್ನು ಬಳಸುವ ಇನ್ನೊಂದು ಹಳೆಯದಾಗಿಯೇ ಉಳಿಯುವುದುಂಟು. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಲೈಬ್ರರಿ ಫೋಲ್ಡರ್. ಅದರಲ್ಲಿರುವ ಪ್ರತಿಯೊಂದು ಜಾರ್ (ಜಾವಾ ಕ್ಲಾಸ್ ಕಡತಗಳನ್ನು ಕಟ್ಟಿಟ್ಟ ಕಡತ) ಯಾವ ಆವೃತ್ತಿಯದು, ಯಾವುದಕ್ಕಾಗಿ ಬಂದದ್ದು, ಯಾವುದು ಇನ್ನಾವುದರ ಸಲುವಾಗಿ ಸೇರಿಕೊಂಡದ್ದು ಎಂಬುದು ಎಲ್ಲಿಯೂ ಬರೆದಿರಲಾರದು. ಹಿಂದಿನವರ ತಲೆಯಲ್ಲಿದ್ದ ಆ ತಿಳಿವಳಿಕೆ ಅವರೊಂದಿಗೇ ಹೋಗಿದೆ.

ಇದರ ಅಪಾಯ ಏನೆಂಬುದು 2021ರ ಡಿಸೆಂಬರಿನಲ್ಲಿ ಎಲ್ಲರಿಗೂ ತಿಳಿಯಿತು. ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷವಿದೆಯೆಂದು ಪ್ರಕಟವಾದಾಗ, ತಮ್ಮ ತಂತ್ರಾಂಶದೊಳಗೆ ಅದು ಇದೆಯೇ ಎಂಬ ಪ್ರಶ್ನೆಗೇ ಅನೇಕರ ಬಳಿ ಉತ್ತರವಿರಲಿಲ್ಲ. ಮೇವನ್ ಎಂಬ ಜಾವಾ ಬಿಲ್ಡ್ ಉಪಕರಣವನ್ನು ಬಳಸುವವರು ಅವಲಂಬನೆಗಳ ಮರವನ್ನು ಒಂದೇ ಆಜ್ಞೆಯಿಂದ ತೆಗೆದು, ನೇರವಾಗಿ ಸೇರಿಸಿಕೊಳ್ಳದಿದ್ದರೂ ಬೇರೊಂದು ಲೈಬ್ರರಿಯ ಬೆನ್ನಿಗೆ ಅದು ಬಂದಿದೆಯೇ ಎಂದು ನೋಡಬಹುದಾಗಿತ್ತು.

ಆದ್ದರಿಂದ ಬದಲಾವಣೆ ಬೇಕು, ಆದರೆ ನಿಮಗೆ ಗ್ರೇಡಲ್‌ಗಿಂತ ಮೇವನ್ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. 2004ರಲ್ಲಿ ಮೊದಲ ಆವೃತ್ತಿ ಬಂದ ಮೇವನ್‌ನಲ್ಲಿ ಮೂಲ ಕಡತಗಳು ಎಲ್ಲಿರಬೇಕು, ಪರೀಕ್ಷೆಗಳು ಎಲ್ಲಿರಬೇಕು, ಯಾವ ಹಂತದ ನಂತರ ಯಾವುದು ಎಂಬುದೆಲ್ಲ ಮೊದಲೇ ನಿಗದಿಯಾಗಿದೆ. ಆ ಕಟ್ಟುಪಾಡಿನಿಂದಾಗಿ ಒಂದು ಮೇವನ್ ಪ್ರಾಜೆಕ್ಟ್ ನೋಡಿದವರಿಗೆ ಇನ್ನೊಂದು ಅಪರಿಚಿತ ಅನಿಸುವುದಿಲ್ಲ. ನಾಳೆ ನಿಮ್ಮ ಜಾಗಕ್ಕೆ ಬರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮಿತಿಗಳೂ ಇವೆ: ಬಿಲ್ಡಿನ ವಿವರ ಬರೆಯುವ ಎಕ್ಸ್‌ಎಂಎಲ್ ಕಡತ ಉದ್ದಕ್ಕೆ ಬೆಳೆಯುತ್ತದೆ, ನಿಗದಿತ ದಾರಿಯಿಂದ ಆಚೆಗಿನ ಸಣ್ಣ ಕೆಲಸಕ್ಕೂ ಪ್ಲಗಿನ್ ಹುಡುಕಬೇಕಾಗುತ್ತದೆ, ಬದಲಾದಷ್ಟನ್ನು ಮಾತ್ರ ಮರಳಿ ಮಾಡುವುದರಲ್ಲಿ ಅದು ಗ್ರೇಡಲ್‌ನಷ್ಟು ಚುರುಕಲ್ಲ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಮೇವನ್ ಅವಲಂಬನೆಯ ಮರದಲ್ಲಿ ನಿಮಗೆ ಹತ್ತಿರವಿರುವುದನ್ನು ಆರಿಸುತ್ತದೆ, ಅದು ಹಳೆಯದಾಗಿದ್ದರೂ ಸರಿ. ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನು ಆರಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಒಂದರಿಂದ ಇನ್ನೊಂದಕ್ಕೆ ಹೋದವರು, ಕೋಡ್ ಬದಲಿಸದಿದ್ದರೂ ವರ್ತನೆ ಏಕೆ ಬದಲಾಯಿತು ಎಂದು ಬಹಳ ಪೇಚಾಡುತ್ತಾರೆ.

ನೆಟ್ಟಿನ ಮಾತಿಗೆ ಬರೋಣ. ಮೇವನ್ ಒಮ್ಮೆ ಇಳಿಸಿಕೊಂಡ ಲೈಬ್ರರಿಗಳನ್ನು ನಿಮ್ಮ ಯಂತ್ರದಲ್ಲೇ ಇಟ್ಟುಕೊಳ್ಳುತ್ತದೆ, ಆಫ್‌ಲೈನ್ ಆಯ್ಕೆ ಕೊಟ್ಟರೆ ಹೊರಗೆ ಹೋಗುವುದೇ ಇಲ್ಲ. ಮಳೆ ಹಿಡಿಯುವ ಮೊದಲೇ ಒಮ್ಮೆ ಪೂರ್ತಿ ಬಿಲ್ಡ್ ನಡೆಸಿ, ಆ ಸಂಗ್ರಹದ ಪ್ರತಿಯನ್ನು ಇನ್ನೊಂದು ಡಿಸ್ಕಿನಲ್ಲಿಡಿ. ಬದಲಾಯಿಸುವಾಗ ಆ್ಯಂಟ್ ಸ್ಕ್ರಿಪ್ಟನ್ನು ಅಳಿಸಬೇಡಿ. ಕೆಲವು ತಿಂಗಳು ಎರಡೂ ಜೊತೆಯಲ್ಲಿ ನಡೆಯಲಿ, ಎರಡರಿಂದ ಬಂದ ಜಾರ್‌ಗಳನ್ನು ಬಿಚ್ಚಿ ಒಳಗಿನ ಕಡತಗಳ ಪಟ್ಟಿಯನ್ನು ಹೋಲಿಸಿ. ಜಾರ್‌ಗಳನ್ನು ಇಡಿಯಾಗಿ ಹೋಲಿಸಿದರೆ ಒಳಗೆ ದಾಖಲಾದ ಸಮಯದ ದೆಸೆಯಿಂದಲೇ ಅವು ಬೇರೆಯೆಂದು ತೋರುತ್ತವೆ. ಅಡಕೆ ಕೊಯ್ಲಿನ ಖರೀದಿ ಭರದಲ್ಲಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ ಎಂದು ವಿನಂತಿಸುತ್ತೇನೆ.

ಪ್ರಶ್ನೆ: ಕನ್ನಡ ಶಾಲೆಗಾಗಿ ಅಂಕಪಟ್ಟಿ ಮುದ್ರಿಸುವ ಸಣ್ಣ ಜಾವಾ ಪ್ರೋಗ್ರಾಂ ಬರೆದಿದ್ದೇನೆ. ನನ್ನ ಲಿನಕ್ಸ್ ಯಂತ್ರದಲ್ಲಿ ಬಿಲ್ಡ್ ಮಾಡಿದರೆ ಕನ್ನಡ ಸರಿಯಾಗಿ ಬರುತ್ತದೆ, ಶಾಲೆಯ ವಿಂಡೋಸ್ ಯಂತ್ರದಲ್ಲಿ ಬಿಲ್ಡ್ ಮಾಡಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಇದು ಬಿಲ್ಡ್ ಉಪಕರಣದ ದೋಷವೇ, ಫಾಂಟಿನ ದೋಷವೇ?
— ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಫಾಂಟಿನದ್ದಲ್ಲ. ಉಪಕರಣದ ದೋಷ ಎನ್ನುವುದಕ್ಕಿಂತಲೂ, ಬಿಲ್ಡ್ ಕಡತದಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆ ಬಿಟ್ಟಿದ್ದರ ಫಲ ಇದು. ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರಿಗೆ ಈ ತೊಂದರೆ ಕಾಣಿಸುವುದೇ ಇಲ್ಲ. ಹಾಗಾಗಿ ನಾವು ಕನ್ನಡದಲ್ಲಿ ಇದನ್ನು ವಿವರವಾಗಿ ಬರೆದಿಟ್ಟುಕೊಳ್ಳುವುದು ಅಗತ್ಯ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಒತ್ತಕ್ಷರವೊಂದರಲ್ಲಿ ಎರಡು ವ್ಯಂಜನವೂ ನಡುವೆ ಹಲಂತದ ಚಿಹ್ನೆಯೂ ಸೇರಿ ಒಂಬತ್ತು ಬೈಟ್‌ಗಳಾಗುತ್ತವೆ. ಜಾವಾ 17ರವರೆಗಿನ ಆವೃತ್ತಿಗಳಲ್ಲಿ, ಮೂಲ ಕಡತ ಯಾವ ಸಂಕೇತ ಪದ್ಧತಿಯಲ್ಲಿದೆ ಎಂದು ನೀವು ಹೇಳದಿದ್ದರೆ ಕಂಪೈಲರ್ ಆ ಯಂತ್ರದ ರೂಢಿಯ ಪದ್ಧತಿಯನ್ನೇ ಹಿಡಿಯುತ್ತಿತ್ತು. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ನಮ್ಮಲ್ಲಿನ ವಿಂಡೋಸ್ ಯಂತ್ರಗಳಲ್ಲಿ ಹೆಚ್ಚಾಗಿ ವಿಂಡೋಸ್-1252 ಎಂಬ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಪದ್ಧತಿ. 2022ರ ಮಾರ್ಚಿನಲ್ಲಿ ಬಂದ ಜಾವಾ 18ರಿಂದ ಎಲ್ಲ ಯಂತ್ರಗಳಲ್ಲಿಯೂ ಯುಟಿಎಫ್-8 ರೂಢಿಯಾಗಿದೆ.

ಚೆಲ್ಲಾಪಿಲ್ಲಿಯಾದದ್ದು ಹೇಗೆ ಕಾಣುತ್ತದೆ ಎಂಬುದರಿಂದಲೇ ದೋಷ ಎಲ್ಲಿದೆ ಎಂದು ಹೇಳಬಹುದು. ಪ್ರತಿ ಕನ್ನಡ ಸಂಕೇತದ ಜಾಗದಲ್ಲಿ ಮೂರು ಮೂರು ವಿಚಿತ್ರ ಚಿಹ್ನೆಗಳಿದ್ದು, ಮೂರರಲ್ಲಿ ಮೊದಲನೆಯದು ಯಾವಾಗಲೂ ತಲೆಯ ಮೇಲೆ ಓರೆಗೆರೆಯಿರುವ ಲ್ಯಾಟಿನ್ ಅಕ್ಷರವಾಗಿದ್ದರೆ, ಸರಿಯಾದ ಕಡತವನ್ನು ತಪ್ಪು ಪದ್ಧತಿಯಲ್ಲಿ ಓದಲಾಗಿದೆ. ಅದು ಕಂಪೈಲ್ ಮಾಡುವ ಹಂತದಲ್ಲಾದದ್ದು. ಸಂಕೇತಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಇದ್ದರೆ, ಒಳಗೆ ಕನ್ನಡ ಸರಿಯಾಗಿದ್ದು ಹೊರಗೆ ಬರೆಯುವಾಗ ಕನ್ನಡವೇ ಇಲ್ಲದ ಪದ್ಧತಿಗೆ ತುರುಕಲಾಗಿದೆ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಮಾತ್ರ ಫಾಂಟಿನ ಕಡೆ ನೋಡಿ.

ಪರಿಹಾರ ಮೂರು ಉಪಕರಣಗಳಲ್ಲೂ ಒಂದೊಂದೇ ಸಾಲು. ಮೇವನ್‌ನಲ್ಲಿ ಸೋರ್ಸ್ ಎನ್‌ಕೋಡಿಂಗ್ ಎಂಬ ಗುಣವನ್ನೂ, ಆ್ಯಂಟ್‌ನಲ್ಲಿ ಕಂಪೈಲ್ ಹೆಜ್ಜೆಯ ಎನ್‌ಕೋಡಿಂಗ್ ಎಂಬ ಗುಣವನ್ನೂ, ಗ್ರೇಡಲ್‌ನಲ್ಲಿ ಕಂಪೈಲ್ ಕೆಲಸದ ಆಯ್ಕೆಗಳೊಳಗಿನ ಎನ್‌ಕೋಡಿಂಗ್ ಅನ್ನೂ ಯುಟಿಎಫ್-8 ಎಂದು ಬರೆಯಿರಿ. ಸಾಲನ್ನು ಬರೆಯದಿದ್ದರೆ ಮೇವನ್ ಎಚ್ಚರಿಕೆಯ ಸಂದೇಶವನ್ನಾದರೂ ಕೊಡುತ್ತದೆ, ಇದು ಅದರ ಒಂದು ಮೆಚ್ಚತಕ್ಕ ಗುಣ. ನಿಮ್ಮ ಕನ್ನಡ ಪದಗಳು ಪ್ರಾಪರ್ಟೀಸ್ ಕಡತದಲ್ಲಿದ್ದರೆ ಇನ್ನೊಂದು ವಿಷಯ ನೆನಪಿಡಿ: ಭಾಷಾ ಪದಪಟ್ಟಿಗಳಾಗಿ ಬಳಸುವ ಅಂಥ ಕಡತಗಳನ್ನು ಜಾವಾ 9ರಿಂದ ಮಾತ್ರ ಯುಟಿಎಫ್-8 ಎಂದು ಓದಲಾಗುತ್ತದೆ. ಶಾಲೆಯ ಯಂತ್ರದಲ್ಲಿ ಜಾವಾ 8 ಇದ್ದರೆ ಬಿಲ್ಡ್ ಕಡತದ ಸಾಲು ಅಲ್ಲಿಗೆ ನೆರವಾಗುವುದಿಲ್ಲ.

ಪ್ರಶ್ನೆ: ನಾಲ್ಕು ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಗ್ರೇಡಲ್ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಬೇರೆ ಉಪಕರಣ ಬಳಸಬಹುದೇ?
— ಓದುಗರೊಬ್ಬರು, ಕುಂಬಳೆ

ಉತ್ತರ: ಆಂಡ್ರಾಯ್ಡ್ ಸ್ಟುಡಿಯೋ 2013ರಲ್ಲಿ ಪ್ರಕಟವಾದಂದಿನಿಂದ ಗ್ರೇಡಲ್ ಅನ್ನೇ ನೆಚ್ಚಿಕೊಂಡಿದೆ, ಆದ್ದರಿಂದ ಅದನ್ನು ಬಿಡುವುದು ಕಾರ್ಯಸಾಧ್ಯವಲ್ಲ. ಗ್ರೇಡಲ್ ಪ್ರತಿ ಕೆಲಸದ ಒಳಬರುವ ಮತ್ತು ಹೊರಹೋಗುವ ಕಡತಗಳ ಒಕ್ಕಣೆಯ ಗುರುತನ್ನು ಇಟ್ಟುಕೊಳ್ಳುವುದರಿಂದ ಬದಲಾಗದ ಕೆಲಸವನ್ನು ಖಚಿತವಾಗಿ ಬಿಟ್ಟುಬಿಡುತ್ತದೆ. ವೇಗಕ್ಕಾಗಿ ಡೀಮನ್ ಎಂಬ ಪ್ರಕ್ರಿಯೆಯನ್ನು ಬಿಲ್ಡ್ ಮುಗಿದ ಮೇಲೂ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಸುಮ್ಮನಿದ್ದರೂ ಅದು ರೂಢಿಯಂತೆ 3 ಗಂಟೆಗಳ ಕಾಲ ಅಲ್ಲಿಯೇ ಇರುತ್ತದೆ. ಚಿಕ್ಕ ಯಂತ್ರಕ್ಕೆ ಇದು ಭಾರ. ಕೆಲಸ ಮುಗಿದೊಡನೆ ಸ್ಟಾಪ್ ಆಜ್ಞೆಯಿಂದ ಡೀಮನ್ ನಿಲ್ಲಿಸಿ, ಗ್ರೇಡಲ್ ಪ್ರಾಪರ್ಟೀಸ್ ಕಡತದಲ್ಲಿ ಅದಕ್ಕೆ ಕೊಡುವ ಮೆಮೊರಿಯ ಮೇಲ್ಮಿತಿಯನ್ನು ಇಳಿಸಿ, ಎಮ್ಯುಲೇಟರಿನ ಬದಲು ನಿಮ್ಮ ಫೋನನ್ನೇ ಕೇಬಲ್ ಮೂಲಕ ಜೋಡಿಸಿ ಪರೀಕ್ಷಿಸಿ. ಲೈಬ್ರರಿಯ ಆವೃತ್ತಿಯ ಜಾಗದಲ್ಲಿ ಪ್ಲಸ್ ಚಿಹ್ನೆ ಹಾಕಿದ್ದರೆ ತೆಗೆದು ನಿಖರವಾದ ಸಂಖ್ಯೆ ಬರೆಯಿರಿ. ಇಲ್ಲವಾದರೆ ಹೊಸದು ಬಂದಿದೆಯೇ ಎಂದು ಅದು ಆಗಾಗ ನೆಟ್ಟಿಗೆ ಹೋಗಿ ನೋಡುತ್ತದೆ, ಒಂದು ದಿನ ಕೇಳದೆಯೇ ಹೊಸದನ್ನು ತಂದು ಕೂರಿಸುತ್ತದೆ. ಗ್ರೇಡಲ್, ಆಂಡ್ರಾಯ್ಡ್ ಪ್ಲಗಿನ್, ಜಾವಾ ಈ ಮೂರರ ಆವೃತ್ತಿಗಳು ಒಂದಕ್ಕೊಂದು ಹೊಂದಬೇಕೆಂಬುದು ಈ ವ್ಯವಸ್ಥೆಯ ನಿಜವಾದ ಕಿರಿಕಿರಿ. ಉದಾಹರಣೆಗೆ ಪ್ಲಗಿನ್‌ನ 8.0 ಆವೃತ್ತಿಗೆ ಜಾವಾ 17 ಇರಲೇಬೇಕು. ನಡೆಯುತ್ತಿರುವ ಪ್ರಾಜೆಕ್ಟಿನಲ್ಲಿ ಒಂದನ್ನು ಮಾತ್ರ ಮೇಲೇರಿಸಲು ಹೋಗಬೇಡಿ.

ಪ್ರಶ್ನೆ: ಜೆಂಕಿನ್ಸ್ ಕಲಿತರೆ ಮೇವನ್ ಬೇಕಾಗುವುದಿಲ್ಲವೇ?
— ಓದುಗರೊಬ್ಬರು, ತಾಳವಾಡಿ

ಉತ್ತರ: ಎರಡೂ ಬೇರೆ ಬೇರೆ ಕೆಲಸ. ಯಾರಾದರೂ ಕೋಡ್ ಸೇರಿಸಿದೊಡನೆ ಬಿಲ್ಡನ್ನು ಆರಂಭಿಸಿ ಫಲಿತಾಂಶ ತಿಳಿಸುವುದು ಜೆಂಕಿನ್ಸ್; ಬಿಲ್ಡ್ ಮಾಡುವುದು ಮೇವನ್. ಬಿಲ್ಡಿನ ಹೆಜ್ಜೆಗಳನ್ನೆಲ್ಲ ಜೆಂಕಿನ್ಸ್‌ನೊಳಗೇ ಬರೆದುಬಿಟ್ಟರೆ ನಿಮ್ಮ ಸ್ವಂತ ಯಂತ್ರದಲ್ಲಿ ಅದೇ ಬಿಲ್ಡನ್ನು ನಡೆಸಲು ಆಗುವುದಿಲ್ಲ. ಜೆಂಕಿನ್ಸ್ ಒಂದೇ ಒಂದು ಆಜ್ಞೆಯನ್ನು ಕರೆಯುವಂತಿರಲಿ.

ಪ್ರಶ್ನೆ: ನಾನು ಕೆಲಸ ಮಾಡುವ ಕಂಪನಿಯಲ್ಲಿ ಇಪ್ಪತ್ತು ಜನರ ತಂಡವಿದೆ. ಗೂಗಲ್ ಬಳಸುವ ಬೇಝಲ್‌ಗೆ ನಾವೂ ಹೋಗೋಣ ಎಂಬ ಚರ್ಚೆ ನಡೆಯುತ್ತಿದೆ. ನಮ್ಮ ಬಿಲ್ಡಿಗೆ ಈಗ ಬಹಳ ಹೊತ್ತು ಹಿಡಿಯುತ್ತದೆ. ನಿಮ್ಮ ಸಲಹೆ ಏನು?
— ಓದುಗರೊಬ್ಬರು, ಹೊಸೂರು

ಉತ್ತರ: ಗೂಗಲ್ ತನ್ನೊಳಗೆ ಬ್ಲೇಝ್ ಎಂಬ ಹೆಸರಿನಲ್ಲಿ ಬಳಸುತ್ತಿದ್ದುದರ ಮುಕ್ತ ರೂಪವೇ ಬೇಝಲ್. 2015ರಲ್ಲಿ ಅದು ಹೊರಬಂದು, 2019ರಲ್ಲಿ 1.0 ಆವೃತ್ತಿ ಮುಟ್ಟಿತು. ಅವಲಂಬನೆಯನ್ನು ಬರೆದಿಡುವ ವಿಷಯದಲ್ಲಿ ಇಲ್ಲಿ ಹೇಳಿದ ಎಲ್ಲ ಉಪಕರಣಗಳಿಗಿಂತ ಅದು ಕಟ್ಟುನಿಟ್ಟು. ಪ್ರತಿ ಕೆಲಸವನ್ನು ಸಾಧ್ಯವಾದಲ್ಲೆಲ್ಲ ಪ್ರತ್ಯೇಕವಾದ ಆವರಣದೊಳಗೆ ನಡೆಸುತ್ತದೆ, ನೀವು ಘೋಷಿಸದ ಕಡತ ಆ ಆವರಣದಲ್ಲಿ ಕಾಣಿಸುವುದೇ ಇಲ್ಲ, ಹಾಗಾಗಿ ಮರೆತ ಅವಲಂಬನೆ ಅಂದೇ ಬಿಲ್ಡನ್ನು ಕೆಡಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ. ಒಕ್ಕಣೆಯ ಗುರುತಿನಿಂದ ಕೆಲಸಗಳನ್ನು ಗುರುತಿಸುವುದರಿಂದ ಒಬ್ಬರ ಯಂತ್ರದಲ್ಲಿ ಆದ ಕೆಲಸದ ಫಲವನ್ನು ಹಂಚಿಕೆಯ ಕ್ಯಾಶ್ (ಮುಗಿದ ಕೆಲಸಗಳ ಫಲವನ್ನು ಕೂಡಿಡುವ ಸಂಗ್ರಹ) ಮೂಲಕ ಉಳಿದವರೆಲ್ಲ ಪಡೆಯಬಹುದು. ಹಲವು ಭಾಷೆಗಳ ಕೋಡ್ ಒಂದೇ ಭಂಡಾರದಲ್ಲಿರುವ ದೊಡ್ಡ ಸಂಸ್ಥೆಗಳಿಗೆ ಇದರಿಂದಾಗುವ ಲಾಭ ನಿಜವಾದದ್ದು.

ಅದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ನಿಜ. ಪ್ರತಿ ಫೋಲ್ಡರಿನಲ್ಲಿ ಬಿಲ್ಡ್ ಕಡತ ಬರೆದು ಕಾಪಾಡಬೇಕು. ಹೊರಗಿನ ಲೈಬ್ರರಿಗಳನ್ನು ಅದರ ರೀತಿಗೆ ಒಗ್ಗಿಸಬೇಕು. ತೊಡಕು ಬಂದಾಗ ಬಿಡಿಸಬಲ್ಲವರು ತಂಡದಲ್ಲಿ ಸದಾ ಇರಬೇಕು. ಗೂಗಲ್‌ನಲ್ಲೇ ಹುಟ್ಟಿದ, ಹಲವು ಸರ್ವರ್‌ಗಳಲ್ಲಿ ತಂತ್ರಾಂಶ ನಡೆಸಲು ನೆರವಾಗುವ, ಗೋ ಭಾಷೆಯಲ್ಲಿ ಬರೆದ ಕುಬರ್ನೆಟೀಸ್ ಯೋಜನೆಯವರು ಮೇಕ್ ಮತ್ತು ಬೇಝಲ್ ಎರಡನ್ನೂ ಜೊತೆಯಲ್ಲಿ ಕಾಪಾಡುವ ಹೊರೆ ಹೆಚ್ಚಾಯಿತೆಂದು 2021ರಲ್ಲಿ ಬೇಝಲ್ ಅನ್ನು ಕೈಬಿಟ್ಟರು. ಗೋ ಭಾಷೆಯ ಸ್ವಂತ ಬಿಲ್ಡ್ ಆಜ್ಞೆಗೆ 2018ರಿಂದಲೇ ಕ್ಯಾಶ್ ಇದ್ದುದರಿಂದ, ಒಂದೇ ಭಾಷೆಯ ಅಂಥ ಯೋಜನೆಗೆ ಬೇಝಲ್ ಕೊಡುತ್ತಿದ್ದ ಹೆಚ್ಚಿನ ಲಾಭ ಕಡಿಮೆಯೇ ಇದ್ದಿರಬೇಕು.

ಇಪ್ಪತ್ತು ಜನರ ತಂಡಕ್ಕೆ ನಾನು ಮೊದಲು ಹೇಳುವುದು ಬೇರೆ. ಬಿಲ್ಡಿನ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಅಳೆಯಿರಿ. ಹೆಚ್ಚಿನ ಪಾಲು ಪರೀಕ್ಷೆಗಳಲ್ಲೇ ಹೋಗುತ್ತಿದ್ದರೆ ಅವುಗಳನ್ನು ವಿಭಜಿಸಿ ಏಕಕಾಲಕ್ಕೆ ನಡೆಸಿ. ಲೈಬ್ರರಿ ಇಳಿಸುವುದರಲ್ಲಿ ಹೋಗುತ್ತಿದ್ದರೆ ಕಚೇರಿಯೊಳಗೇ ಒಂದು ಮಧ್ಯವರ್ತಿ ಭಂಡಾರ ಇಟ್ಟುಕೊಳ್ಳಿ. ಬದಲಾಗದ್ದನ್ನೂ ಪ್ರತಿ ಬಾರಿ ಮಾಡುತ್ತಿದ್ದರೆ ನೀವು ಈಗ ಬಳಸುವ ಉಪಕರಣಕ್ಕೆ ಕ್ಯಾಶ್ ಸೌಲಭ್ಯವಿದೆಯೇ ನೋಡಿ, ಗ್ರೇಡಲ್‌ಗಂತೂ ಇದೆ. ಇಷ್ಟಾದ ಮೇಲೂ ಸಾಲದಿದ್ದರೆ, ಪ್ರಾಜೆಕ್ಟಿನ ಒಂದು ಸ್ವತಂತ್ರ ಭಾಗವನ್ನು ಮಾತ್ರ ಬೇಝಲ್‌ಗೆ ತಂದು, ಅದನ್ನು ನೋಡಿಕೊಳ್ಳುವ ಇಬ್ಬರನ್ನು ಗೊತ್ತುಮಾಡಿ, ಎರಡು ಮೂರು ತಿಂಗಳ ನಂತರ ಆ ಇಬ್ಬರ ಅಭಿಪ್ರಾಯವನ್ನೂ ಅದನ್ನು ದಿನವೂ ಬಳಸಿದ ಉಳಿದವರ ಅಭಿಪ್ರಾಯವನ್ನೂ ಬೇರೆ ಬೇರೆಯಾಗಿ ಕೇಳಿ. ಆಗಲೂ ಹಳೆಯ ಬಿಲ್ಡ್ ಕಡತಗಳನ್ನು ಯಾವ ದಿನಾಂಕದಿಂದ ಅಳಿಸುತ್ತೀರಿ ಎಂಬುದನ್ನು ಮೊದಲೇ ನಿಗದಿ ಮಾಡಿಕೊಳ್ಳಿ, ಏಕೆಂದರೆ ಕುಬರ್ನೆಟೀಸ್‌ನವರನ್ನು ದಣಿಸಿದ್ದು ಎರಡನ್ನೂ ಉಳಿಸಿಕೊಂಡಿದ್ದೇ.